ಕೆಳಗಿನ ಮೆಟ್ಟಿಲು

ಟಕ್ ಎಂದಿತು. ತಗಡಿನ ಮೇಲೆ ತಗಡು ಕೂತ ಸದ್ದು, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಇಲಿ ಎಂದುಕೊಂಡು ಮಗ್ಗಲು ಬದಲಿಸುತ್ತಿದ್ದರು. ಶೀತಲ ಎದ್ದು ಕೂತಳು. ಪಕ್ಕದಲ್ಲಿ ಮಗಳು ಮಧು ಪರೀಕ್ಷೆಯ ಪುಸ್ತಕವನ್ನು ಎದೆಯ ಮೇಲೆ ಹಾಗೇ ಬಿಟ್ಟು ನಿದ್ದೆ ಹೋಗಿದ್ದಳು. ಸೆಕೆ ಶುರುವಾದಂದಿನಿಂದ ಗಂಡ ಸುಭಾಸ ಮಾಳಿಗೆಯ ಮೇಲೆ ಮಲಗುತ್ತಿದ್ದ. ಹಿಂಬಾಗಿಲಿನಾಚೆ ಅವರದೇ ವರ್ಕ್‌ಶಾಪು. ಸದ್ದು ಅಲ್ಲಿಂದ ಬಂದಿತ್ತು. ಡ್ರಿಲ್ ಮಶಿನ್ನಿನ ತಲೆಯ ಮೇಲಿರುವ ಮುಚ್ಚಳವನ್ನು ಯಾರಾದರೂ ಎತ್ತಿ, ಕೆಲಸ ಮುಗಿಸಿ, ಮೆಲ್ಲಗೆ ಮುಚ್ಚಿದರೆ ಮಾತ್ರ ಆ ಸದ್ದು ಬರುತ್ತದೆ.

ನಿಜಗುಣಪ್ಪ ತೀರಿಕೊಂಡು ಒಂದು ತಿಂಗಳಾಗಿತ್ತು. ಈ ಒಂದು ತಿಂಗಳಲ್ಲಿ ಆ ಸದ್ದು ಕೇಳಿದ್ದು ಇದು ನಾಲ್ಕನೆಯ ಸಲ.

ಹಿಂದಿನ ಮೂರು ಸಲವೂ ಅವಳು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮುಚ್ಚಳ ಎತ್ತಿ ನೋಡಿದ್ದಳು. ಒಳಗೆ ಎರಡು ಪುಲ್ಲಿಗಳು, ಒಂದು ಮೋಟಾರಿನದು, ಇನ್ನೊಂದು ತೂತು ಕೊರೆಯುವ ಬಿಟ್ ತಿರುಗಿಸುವುದು. ಎರಡು ಗಾಲಿಗೂ ಸುತ್ತಳತೆ ಬೇರೆ ಬೇರೆಯಾದ ನಾಲ್ಕು ನಾಲ್ಕು ಮೆಟ್ಟಿಲು. ನಡುವೆ ಒಂದು ಬೆಲ್ಟು. ಬೆಲ್ಟು ಮೇಲಿನ ಮೆಟ್ಟಿಲಿನಲ್ಲಿದ್ದರೆ ಬಿಟ್ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತದೆ. ಕೆಳಗಿನದರಲ್ಲಿದ್ದರೆ ಅದರ ಸುರುಳಿಯನ್ನು ಎಣಿಸಬಹುದೇನೋ ಎನ್ನುವಷ್ಟು ನಿಧಾನ. ಮೂರು ಬೆಳಿಗ್ಗೆಯೂ ಬೆಲ್ಟು ಕೆಳಗಿನ ಮೆಟ್ಟಿಲಿನಲ್ಲಿತ್ತು. ಹಿಂದಿನ ಸಂಜೆ ಅಲ್ಲಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಏಕೆಂದರೆ ಸಂಜೆಯೂ ನೋಡಿ ಬಂದಿರುತ್ತಿದ್ದಳು.

ವೆಲ್ಡಿಂಗ್ ಮಾಡುವ ದುರ್ಗಪ್ಪನನ್ನು ಕೇಳಿದ್ದಳು. ಅವನು ಕನ್ನಡಕ ಹಣೆಗೇರಿಸಿ ನಕ್ಕಿದ್ದ. "ನಾ ಅಲ್ಲ ನೋಡ್ರಿ ವೈನಿ. ನಾ ಬಿಟ್ಟಿದ್ದು ಮೂರನೇದರಾಗ. ಸತ್ತ ಮ್ಯಾಲೂ ಕಾಕಾ ಹಾಜರಿ ತಪ್ಪಸಾಕತ್ತಿಲ್ಲ."

ಅವಳಿಗೆ ನಗು ಬಂದಿರಲಿಲ್ಲ.

ನಿಜಗುಣಪ್ಪ ಮೂವತ್ತೊಂದು ವರ್ಷ ಆ ಮಶಿನ್ನಿನ ಮುಂದೆ ನಿಂತವನು. ಸುಭಾಸನ ಅಪ್ಪನ ಕಾಲದಲ್ಲಿ ಬಂದವನು. ಹಾಗಾಗಿ ಎಲ್ಲರಿಗೂ ಕಾಕಾ. ಸಂಪಗಾಂವದಿಂದ ದಿನಾ ಏಳರ ಬಸ್ಸಿಗೆ ಬೈಲಹೊಂಗಲಕ್ಕೆ ಬರುತ್ತಿದ್ದ. ಬಿತ್ತುವ ಕೂರಿಗೆಯ ತಾಳು, ಟ್ರ್ಯಾಕ್ಟರ್ ಕಲ್ಟಿವೇಟರಿನ ಪಟ್ಟಿ, ಯಾವುದಕ್ಕೆ ತೂತು ಬೇಕಿದ್ದರೂ ಅವನ ಕೈಯಿಂದಲೇ ಆಗಬೇಕು. ಮದುವೆಯಾಗಿ ಬಂದ ಹೊಸತರಲ್ಲಿ, ಬಿ.ಎಸ್ಸಿ. ಓದಿದ ಸೊಸೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದುದನ್ನು ಕಂಡು ಅವನೇ ಕರೆದು ಕಲಿಸಿದ್ದ. ಕಲಿಸಿದ್ದು ಅಂಕಿಗಳನ್ನಲ್ಲ.

"ಕಟಗಿ ಓಡಾಕ ಬಿಡತೈತಿ ಯವ್ವಾ, ಬೆಲ್ಟ್ ಮ್ಯಾಲೆ ಇರಲಿ. ಹಿತ್ತಾಳಿ ನಕ್ಕೋತ ಕೈ ಎಳಕೊಂತೈತಿ, ಅದನ್ನ ನಂಬಬ್ಯಾಡ. ಕಬ್ಬಿಣಕ್ಕ ಹಗೂರ. ಸ್ಟೀಲಿಗೆ ಇನ್ನೂ ಹಗೂರ. ಅದಕ್ಕ ಸಿಟ್ಟ ಬಂತಂದ್ರ ಗಟ್ಟಿ ಆಕ್ಕೈತಿ, ಆಮ್ಯಾಲೆ ಯಾರ ಮಾತೂ ಕೇಳೂದಿಲ್ಲ. ಬಿಟ್ ದಪ್ಪ ಆದಷ್ಟೂ ನಡಿಗಿ ಸಾವಕಾಶ."

ಅವಳು ಅದನ್ನೆಲ್ಲ ಒಂದು ರಟ್ಟಿನ ಮೇಲೆ ಚೌಕ ಹಾಕಿ ಬರೆದು ಗೋಡೆಗೆ ಅಂಟಿಸಿದಾಗ ಕಾಕಾ ಬಹಳ ಹೊತ್ತು ನೋಡಿದ್ದ. ಅವನಿಗೆ ಓದಲು ಬರುತ್ತಿತ್ತು. ಬರಹ ಚಂದ ಐತಿ ಎಂದು ಹೊಗಳಿ, ಆದರೆ ಕಾಗದ ನೋಡುತ್ತ ನಿಂತವರು ಸದ್ದು ಕೇಳುವುದನ್ನು ಬಿಡುತ್ತಾರೆ ಎಂದಿದ್ದ. ಅವನು ವೇಗವನ್ನು ಕಿವಿಯಿಂದ ಆರಿಸುತ್ತಿದ್ದ. ಕಬ್ಬಿಣ ಒಂದು ಸದ್ದು ಮಾಡುವಾಗ ಸರಿ, ಅದಕ್ಕಿಂತ ಒಂದು ಎಳೆ ಮೇಲೆ ಹೋದರೆ ಬಿಟ್ ಸುಡುತ್ತದೆ ಎಂದು ಬೆನ್ನು ತಿರುಗಿಸಿ ನಿಂತೇ ಹೇಳುತ್ತಿದ್ದ.

ಅವನದು ಒಂದೇ ಕಟ್ಟಳೆ. ದಿನದಲ್ಲಿ ಯಾರು ಏನೇ ಕೊರೆಯಲಿ, ಕಡೆಗೆ ಮಶಿನ್ ಮುಟ್ಟಿದವರು ಬೆಲ್ಟನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿ ಹೋಗಬೇಕು. ಆ ಭರವಸೆಯ ಮೇಲೆ ಅವನು ಬೆಳಿಗ್ಗೆ ಮುಚ್ಚಳ ತೆಗೆದು ನೋಡುತ್ತಿರಲಿಲ್ಲ. ಎಡಗೈಯಲ್ಲಿ ಪಟ್ಟಿ ಒತ್ತಿ ಹಿಡಿದು, ಬಲಗೈಯಲ್ಲಿ ಸ್ವಿಚ್ಚು ಹಾಕಿ, ಅದೇ ಕೈಯಿಂದ ಹಿಡಿಕೆ ಎಳೆಯುತ್ತಿದ್ದ. ಅಷ್ಟೂ ಒಂದೇ ಉಸಿರಿನಲ್ಲಿ.

ಹೋದ ವರ್ಷ ಜನವರಿಯಲ್ಲಿ ಮಧುವಿನ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಗುಣಾಕಾರ ಕಲಿಸುವ ಒಂದು ಹಲಗೆ ಬೇಕಿತ್ತು, ಮೂವತ್ತಾರು ತೂತಿನದು. ಆ ಸಂಜೆ ಕಾಕಾ ಆರರ ಬಸ್ಸಿಗೆ ಹೋಗಿದ್ದ, ದುರ್ಗಪ್ಪ ಹೋಗಿದ್ದ, ಸುಭಾಸ ಊರೊಳಗೆ ಯಾರದೋ ಮನೆಗೆ ಹೋಗಿದ್ದ. ಶೀತಲ ಎಂಟು ಗಂಟೆಗೆ ಹಲಗೆ ಹಿಡಿದುಕೊಂಡು ವರ್ಕ್‌ಶಾಪಿಗೆ ಬಂದಳು. ಮುಚ್ಚಳ ತೆರೆದಳು. ಬೆಲ್ಟು ಕೆಳಗಿತ್ತು. ಅದನ್ನು ಮೇಲಕ್ಕೆ ಏರಿಸಿದಾಗ ಬೆರಳಿಗೆ ರಬ್ಬರಿನ ಕಪ್ಪು ಹತ್ತಿದ್ದು ಇಂದಿಗೂ ಅವಳಿಗೆ ನೆನಪಿದೆ. ಸಣ್ಣ ಬಿಟ್, ಮೆದು ಕಟ್ಟಿಗೆ, ಮೇಲಿನ ವೇಗ. ಕಾಕಾ ಇದ್ದಿದ್ದರೆ ತಲೆಯಾಡಿಸುತ್ತಿದ್ದ. ಕೊನೆಯ ತೂತು ಮುಗಿಯುತ್ತಿದ್ದಂತೆ ಕರೆಂಟು ಹೋಯಿತು. ಕತ್ತಲಲ್ಲಿ ಪುಲ್ಲಿಗೆ ಕೈ ಹಾಕಲು ಹೆದರಿ, ಬೆಳಿಗ್ಗೆ ಇಳಿಸಿದರಾಯಿತು ಎಂದುಕೊಂಡು ಹಲಗೆ ಎತ್ತಿಕೊಂಡು ಮನೆಯೊಳಗೆ ಬಂದಳು.

ಬೆಳಿಗ್ಗೆ ಅವಳು ಹಾಲು ಕಾಯಿಸುತ್ತಿದ್ದಳು. ಮಶಿನ್ ಶುರುವಾಯಿತು. ಮೇಲಿನ ಸದ್ದು, ಶಿಳ್ಳೆಯಂಥದ್ದು. ಒಂದು ಕ್ಷಣ, ಕೂಗು ಕೇಳುವುದಕ್ಕೆ ಒಂದೇ ಒಂದು ಕ್ಷಣ ಮೊದಲು, ಅವಳಿಗೆ ಎಲ್ಲವೂ ಗೊತ್ತಾಗಿತ್ತು.

ಹತ್ತು ಎಂ.ಎಂ. ದಪ್ಪದ ಕಬ್ಬಿಣದ ಪಟ್ಟಿ, ಹೆಬ್ಬೆರಳಿನ ಗಾತ್ರದ ಬಿಟ್. ಆ ವೇಗಕ್ಕೆ ಬಿಟ್ ಪಟ್ಟಿಯನ್ನು ಕಚ್ಚಿಕೊಂಡು ಗರ್ರನೆ ತಿರುಗಿಸಿತು. ಕಾಕಾನ ಎಡಗೈಯ ಎರಡು ಬೆರಳು ಹೋದವು. ಬೆಳಗಾವಿಯ ಆಸ್ಪತ್ರೆಯಲ್ಲಿ ಹದಿನೈದು ದಿನ. ಮುಚ್ಚಳ ತೆಗೆದು ನೋಡಿದವರಿಗೆ ಬೆಲ್ಟು ಮೇಲಿರುವುದು ಕಂಡಿತು. ಹಿಂದಿನ ಸಂಜೆ ಕಡೆಗೆ ಮಶಿನ್ ಮುಟ್ಟಿದವನು ಕಾಕಾನೇ ಇರಬೇಕು ಎಂದು ಎಲ್ಲರೂ ಅಂದುಕೊಂಡರು. ಇಳಿಸುವುದನ್ನು ಮರೆತ, ಸರಿ, ಆದರೆ ಸದ್ದಿನ ಮೇಲಾದರೂ ಗೊತ್ತಾಗಬೇಕಿತ್ತಲ್ಲ, ಕಿವಿ ಮಂದವಾಗಿವೆ ಎಂದರು. ಸುಭಾಸನೂ ಅದನ್ನೇ ಹೇಳಿದ. ಆ ಗದ್ದಲದಲ್ಲಿ ಹಲಗೆಗೆ ತೂತು ಹಾಕಿದವರು ಯಾರು ಎಂದು ಯಾರೂ ಕೇಳಲಿಲ್ಲ. ಕಾಕಾ ಇನ್ನು ಮನೆಯಲ್ಲೇ ಇರಲಿ ಎಂದು ತೀರ್ಮಾನವಾಯಿತು. ಒಂದು ವರ್ಷದ ಮೇಲೆ ಎರಡು ತಿಂಗಳು ಮನೆಯಲ್ಲಿ ಕೂತು, ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಹೋಗಿಬಿಟ್ಟ.

ಆಮೇಲೆ ವರ್ಕ್‌ಶಾಪಿನಲ್ಲಿ ಬೇರೆ ಪದ್ಧತಿ ಬಂತು. ಬೆಳಿಗ್ಗೆ ಮುಚ್ಚಳ ತೆಗೆದು ನೋಡಿಯೇ ಶುರು ಮಾಡಬೇಕು. ನೋಡುವುದು ರೂಢಿಯಾದ ಮೇಲೆ ಇಳಿಸಿಡುವ ರೂಢಿ ತಪ್ಪಿತು. ಶೀತಲ ಮಾತ್ರ ಒಳಗೊಳಗೇ ಬೇರೆ ರೂಢಿಗಳನ್ನು ಬೆಳೆಸಿಕೊಂಡಳು. ಮಿಕ್ಸರಿನ ಗುಂಡಿಯನ್ನು ಒಂದರಿಂದ ಮೇಲೆ ತಿರುಗಿಸುತ್ತಿರಲಿಲ್ಲ. ಚಟ್ನಿ ತರಿತರಿಯಾಗಿರುತ್ತದೆ ಎಂದು ಮಧು ಗೊಣಗಿದರೂ. ಹಿಟ್ಟಿನ ಗಿರಣಿ, ಪಂಪು, ರಸ್ತೆಯಲ್ಲಿ ಹೋಗುವ ಮೋಟಾರು, ಯಾವುದರ ಸದ್ದು ಏರಿದರೂ ಅವಳು ಕೈಯಲ್ಲಿದ್ದುದನ್ನು ಕೆಳಗಿಟ್ಟು ಕಾಯುತ್ತಿದ್ದಳು. ಕೂಗು ಬರುವುದಿಲ್ಲ ಎಂದು ಖಚಿತವಾದ ಮೇಲೆ ಮತ್ತೆ ಎತ್ತಿಕೊಳ್ಳುತ್ತಿದ್ದಳು.

ಈಗ ಆ ಟಕ್ ಎಂಬ ಸದ್ದು. ಅವಳು ಮಗಳ ಎದೆಯ ಮೇಲಿನ ಪುಸ್ತಕ ತೆಗೆದಿಟ್ಟು, ಹಿಂಬಾಗಿಲು ತೆರೆದಳು.

ಮಶಿನ್ನಿನ ಮೇಜಿನ ಮೇಲೆ ಮೊಬೈಲು ಅಂಗಾತ ಬಿದ್ದು ತಗಡಿನ ಮಾಡಿಗೆ ಬೆಳಕು ಚೆಲ್ಲುತ್ತಿತ್ತು. ಬನಿಯನ್ನಿನಲ್ಲಿದ್ದ ಒಬ್ಬ ಗಂಡಸು ಮುಚ್ಚಳದ ಮೇಲೆ ಅಂಗೈ ಊರಿ, ಯಾರದೋ ನೆತ್ತಿಯ ಮೇಲೆ ಕೈ ಇಟ್ಟವನಂತೆ ನಿಂತಿದ್ದ. ಬೆನ್ನು ನೋಡಿದ ಕೂಡಲೇ ಗಂಡನೆಂದು ತಿಳಿಯಿತು.

"ರೀ," ಎಂದಳು.

ಅವನು ಬೆಚ್ಚಲಿಲ್ಲ. ಸಿಕ್ಕಿಬಿದ್ದದ್ದು ಒಳ್ಳೆಯದೇ ಆಯಿತು ಎನ್ನುವಂತೆ ಅಲ್ಲೇ ಸ್ಟೂಲಿನ ಮೇಲೆ ಕೂತ. ಆಮೇಲೆ ಹೇಳಿದ.

"ಅವತ್ತ ಕಾಕಾ ಬಸ್ಸಿಗೆ ಹ್ವಾದ ಮ್ಯಾಲೆ ನಾ ಒಂದ ಅಲ್ಯುಮಿನಿಯಂ ಪಟ್ಟಿ ಕೊರದೆ, ಶೀತಲ. ಬೆಲ್ಟ್ ಏರಿಸಿದ್ದು ನೆನಪೈತಿ. ಇಳಿಸಿದ್ದು ನೆನಪಿಲ್ಲ. ಎಷ್ಟ ನೆನಸಿಕೊಂಡ್ರೂ ಬರವಲ್ದು. ಕಡೀಕ ಮುಟ್ಟಿದಾಂವ ನಾನ. ಮತ್ತ ಮಂದಿ ಮುಂದ ಕಾಕಾನ ಕಿವಿ ಹೋಗ್ಯಾವ ಅಂದೆ."

ಮಾಳಿಗೆಯ ಮೇಲೆ ನಿದ್ದೆ ಬರದಾಗ ಇಳಿದು ಬಂದು ಬೆಲ್ಟು ಇಳಿಸಿ ಹೋಗುತ್ತಿದ್ದನಂತೆ. ಇಳಿಸಿ ಕೈಗೆ ಮಸಿ ಹತ್ತಿದ್ದನ್ನು ನೋಡಿಕೊಂಡರೆ ನಿದ್ದೆ ಬರುತ್ತಿತ್ತಂತೆ. ಅಷ್ಟು ಹೇಳಿ ಅವನು ಅಂಗೈಯನ್ನು ಮೊಬೈಲಿನ ಬೆಳಕಿಗೆ ಹಿಡಿದ.

ನೀವು ಇಳಿಸಿದ್ದಿರಿ. ನಾನು ಮುಚ್ಚಳ ತೆಗೆದಾಗ ಅದು ಕೆಳಗಿತ್ತು. ಇಷ್ಟೇ ಎರಡು ವಾಕ್ಯ. ಶೀತಲಳ ಬಾಯಿಯಲ್ಲಿ ಅವು ಪೂರ್ತಿ ತಯಾರಾಗಿದ್ದವು. ಮಾತಿನ ಬೆಲೆ ಬಲ್ಲವಳು, ಒಂದು ಶಬ್ದವೂ ಹೆಚ್ಚಿರಲಿಲ್ಲ. ಆದರೆ ಅವಳು ಹೇಳಿದ್ದು, ಬೆಳಗಾಗುತ್ತದೆ, ನಡೆಯಿರಿ, ಮಲಗಿಕೊಳ್ಳಿ ಎಂದು.

"ನಾಳೆ ಅಮಾಸಿ," ಅಂದ ಸುಭಾಸ. "ಹೆಂಗೂ ಮಶಿನ್ ಬಂದ ಇರತಾವ. ಸಂಪಗಾಂವಕ್ಕ ಹೋಗಿ ಚನ್ನವ್ವ ಕಾಕೂನ ಮುಂದ ಎಲ್ಲಾ ಹೇಳತೇನಿ. ನೀನೂ ಬಾ."

ಅಮಾವಾಸ್ಯೆಯ ಬೆಳಿಗ್ಗೆ ಮಶಿನ್ನುಗಳಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಇಬ್ಬರೂ ಬೈಕಿನಲ್ಲಿ ಹೊರಟರು. ದಾರಿಯ ಎರಡೂ ಬದಿಗೆ ಕಟಾವಾದ ಹೊಲಗಳು. ದಾರಿಯಲ್ಲೇ ಹೇಳಿಬಿಡಬೇಕು ಎಂದು ಅವಳು ರಾತ್ರಿಯೇ ನಿಶ್ಚಯಿಸಿದ್ದಳು. ಗಂಡ ಕಾಕೂನ ಕಾಲಿಗೆ ಬೀಳುವ ಮೊದಲೇ, ಬೀಳಬೇಕಾದವಳು ತಾನು ಎಂದು ಹೇಳಬೇಕು. ಇಲ್ಲವಾದರೆ ಕ್ಷಮೆ ಅವನಿಗೆ ಸಿಗುತ್ತದೆ. ತನಗೆ ಕೇಳಲಿಕ್ಕೆ ಜಾಗವೇ ಉಳಿಯುವುದಿಲ್ಲ. ಒಂದು ಹಳ್ಳದ ಸೇತುವೆ ದಾಟಿದರೆ ಹೇಳುತ್ತೇನೆ ಎಂದುಕೊಂಡಳು. ಸೇತುವೆ ದಾಟಿತು. ಆ ಬೇವಿನ ಮರ ಎಂದುಕೊಂಡಳು. ಆಮೇಲೆ ಊರು ಬಂತು.

ಕಾಕಾನ ಹೆಂಡತಿ ಚನ್ನವ್ವ ಕಟ್ಟೆಯ ಮೇಲೆ ಕೂತು ಕಲ್ಲಿನಿಂದ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ಎದ್ದು ನೀರು ಕೊಟ್ಟಳು, ಚಾಪೆ ಹಾಸಿದಳು, ಮಧು ಯಾಕೆ ಬರಲಿಲ್ಲ ಎಂದು ಕೇಳಿದಳು. ಸುಭಾಸ ನೀರಿನ ತಂಬಿಗೆಯನ್ನು ಮುಟ್ಟಲಿಲ್ಲ. ಕೂತಲ್ಲೇ ಮುಂದಕ್ಕೆ ಬಾಗಿ ಅವಳ ಪಾದ ಹಿಡಿದುಕೊಂಡು, ರಾತ್ರಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದ. ಈ ಸಲ ಅವನ ದನಿ ಒಂದೆರಡು ಕಡೆ ಒಡೆಯಿತು.

ಚನ್ನವ್ವ ಕಾಲು ಎಳೆದುಕೊಳ್ಳಲಿಲ್ಲ, ಅವನನ್ನು ಎಬ್ಬಿಸಲೂ ಇಲ್ಲ. ಎದುರಿನ ಹಿಟ್ಟಿನ ಗಿರಣಿಯ ಕಡೆ ನೋಡುತ್ತಿದ್ದಳು. ಅದು ಓಡುತ್ತಿತ್ತು.

"ಇಲ್ಲೇ ಕುಂಡ್ರತಿದ್ರು ನಿಮ್ಮ ಕಾಕಾ," ಅಂದಳು. "ಗಿರಣಿ ಬೆಲ್ಟ್ ಸಡ್ಲ ಆಗೇತಿ, ಹೋಗಿ ನಿಂಗರಾಜಗ ಹೇಳು ಅಂತ ನನ್ನ ಕಳಸಾವ್ರು. ಅಂವ ನೋಡಿದ್ರ ಖರೇನ ಸಡ್ಲ ಆಗಿರತಿತ್ತು. ಅಂಥಾ ಕಿವಿ, ತಮ್ಮಾ. ನೀ ಕಿವುಡ ಅಂದಿ, ಊರ ಮಂದಿ ಅವರ ಮುಂದ ಕೈ ಮಾಡಿ ಮಾತಾಡಾಕ ಹತ್ತಿದ್ರು. ಮೊದ್ಲ ಮೊದ್ಲ ಸಿಟ್ಟಾಗತಿದ್ರು. ಆಮ್ಯಾಲೆ ಸಾಕಾತೇನೋ, ಉಳದ ಮೂರು ಬಳ್ಳಿನ ಕೈಲೆ ತಾವೂ ಕೈ ಮಾಡೇ ಉತ್ತರಾ ಕೊಡತಿದ್ರು."

ಅವತ್ತು ಮಶಿನ್ನಿನ ಸದ್ದು ಕೇಳಿದ ಕೂಡಲೇ ಬೆಲ್ಟು ಮೇಲಿರುವುದು ಅವರಿಗೆ ತಿಳಿದಿತ್ತು ಎಂದು ಚನ್ನವ್ವ ಹೇಳಿದಳು. ಆದರೆ ಮೂವತ್ತು ವರ್ಷದ ಕೈ, ಕಿವಿಗಿಂತ ಮೊದಲೇ ಹಿಡಿಕೆ ಎಳೆದಾಗಿತ್ತಂತೆ. ಬಲಗೈ ಸ್ವಿಚ್ಚಿಗೆ ವಾಪಸು ಹೋಗುವಷ್ಟರಲ್ಲಿ ಪಟ್ಟಿ ತಿರುಗಿತ್ತಂತೆ. ಆಸ್ಪತ್ರೆಯಲ್ಲಿ ಇದನ್ನು ಎಲ್ಲರಿಗೂ ಹೇಳಿದರಂತೆ. ಔಷಧದ ಅಮಲಿನಲ್ಲಿ ಬಡಬಡಿಸುತ್ತಾರೆ ಎಂದು ಬಂದವರೆಲ್ಲ ತಲೆ ಸವರಿ ಹೋದರಂತೆ.

"ನನ್ನ ಮುಂದ ಹೇಳಿದ್ರ ಏನ ಬಂತು? ನಿನ್ನ ಅಂಗಡ್ಯಾಗ ನಾಲ್ಕ ಮಂದಿ ನಿಂತಾಗ ಹೇಳು. ಅವರ ಕಿವಿ ಚಲೋ ಇದ್ದೂವು ಅಂತ ಹೇಳು. ಅಷ್ಟ ಮಾಡಿದ್ರ ನನ್ನದೇನಿಲ್ಲ." ಅವಳು ಹುಣಸೆ ಮೆತ್ತಿದ ಕೈಯನ್ನು ಸುಭಾಸನ ತಲೆಗೆ ತಾಗದಂತೆ ಎತ್ತಿ ಹಿಡಿದು, ಮಣಿಕಟ್ಟಿನಿಂದ ಅವನ ಭುಜ ಮುಟ್ಟಿ ಏಳಿಸಿದಳು.

ಈಗ, ಎಂದುಕೊಂಡಳು ಶೀತಲ. ಕಾಕೂ ಎಂದು ಕರೆಯಲು ಬಾಯಿ ತೆರೆದಳು. ಅಷ್ಟರಲ್ಲಿ ಚನ್ನವ್ವನೇ ಏನನ್ನೋ ನೆನಪಿಸಿಕೊಂಡವಳಂತೆ ಸುಭಾಸನ ಕಡೆ ತಿರುಗಿದಳು.

"ಒಂದ ಕೇಳಲಿ? ಅವತ್ತ ಮುಂಜಾನೆ ಮೇಜಿನ ಮ್ಯಾಲೆ ಕಟಗಿ ಪುಡಿ ಬಿದ್ದಿತ್ತಂತ. ಊದಿ, ಪಟ್ಟಿ ಇಟ್ಟರಂತ. ಕಬ್ಬಿಣದ ಅಂಗಡ್ಯಾಗ ಕಟಗಿ ಯಾರ ಕೊರದ್ರು ಅಂತ ಸಾಯೂ ಮುಂದೂ ಕೇಳಿದ್ರು. ನನಗರೇ ಏನ ಗೊತ್ತು ಅಂದೆ."

ಗಿರಣಿ ಓಡುತ್ತಲೇ ಇತ್ತು. ಸುಭಾಸ ಚಾಪೆಯ ಅಂಚಿನ ಒಂದು ಎಳೆಯನ್ನು ಬೆರಳಿನಿಂದ ಸರಿಮಾಡಿದ. ಅಲ್ಯುಮಿನಿಯಂ ಪುಡಿ ಬೆಳ್ಳಗೆ ಹೊಳೆಯುತ್ತದೆ, ಅದನ್ನು ಕಟ್ಟಿಗೆಯೆಂದು ತಿಳಿಯುವ ಕಣ್ಣು ಕಾಕಾನದಲ್ಲ. ಇದು ಸುಭಾಸನಿಗೆ ಯಾರೂ ಹೇಳಬೇಕಾಗಿರಲಿಲ್ಲ. ವರ್ಕ್‌ಶಾಪಿನ ಬೀಗದ ಕೈ ಅವನನ್ನು ಬಿಟ್ಟರೆ ಇನ್ನು ಯಾರ ಹತ್ತಿರ ಇರುತ್ತದೆ, ಆ ವಾರ ಮನೆಯಲ್ಲಿ ಮೂವತ್ತಾರು ತೂತಿನ ಹೊಸ ಹಲಗೆಯೊಂದು ಗೋಡೆಗೆ ಒರಗಿತ್ತು, ಇವನ್ನೂ ಹೇಳಬೇಕಾಗಿರಲಿಲ್ಲ. ಶೀತಲ ಅವನ ಕುತ್ತಿಗೆಯನ್ನೇ ನೋಡುತ್ತಿದ್ದಳು. ಅದು ತನ್ನ ಕಡೆ ತಿರುಗುವುದನ್ನು ಕಾಯುತ್ತಿದ್ದಳು.

ಅದು ತಿರುಗಲಿಲ್ಲ.

"ನಾನ ಕಾಕೂ," ಅಂದ ಸುಭಾಸ. "ಕಟಗೀನೂ ನಾನ ಕೊರದಿದ್ದೆ."

ಚನ್ನವ್ವ ತಲೆಯಾಡಿಸಿ, ಒಳಗೆ ಹೋಗಿ, ಇಬ್ಬರಿಗೂ ಅವಲಕ್ಕಿ ತಂದುಕೊಟ್ಟಳು. ಶೀತಲ ಕೊನೆಯ ಕಾಳಿನವರೆಗೂ ತಿಂದಳು. ಹೊರಡುವಾಗ ಚನ್ನವ್ವ ಅವಳ ಹಣೆಗೆ ಕುಂಕುಮ ಇಟ್ಟು, ಗಂಡನ ಮನಸ್ಸು ದೊಡ್ಡದು, ತಪ್ಪು ಒಪ್ಪಿಕೊಳ್ಳುವ ಗಂಡಸರು ಎಷ್ಟು ಮಂದಿ ಇದ್ದಾರೆ ಎಂದಳು.

ಮರಳುವಾಗ ದಾರಿಯುದ್ದಕ್ಕೂ ಅವಳು ಪ್ರಶ್ನೆಗಾಗಿ ಕಾದಳು. ಕೇಳಿದರೆ ಹೇಳಿಬಿಡುತ್ತಿದ್ದಳು, ಅಳುತ್ತ, ಬೈಸಿಕೊಳ್ಳುತ್ತ, ಹೇಗಾದರೂ. ಅವನು ಕಬ್ಬಿನ ಹಾಲಿನ ಗಾಡಿಯ ಹತ್ತಿರ ಬೈಕು ನಿಲ್ಲಿಸಿ, ನಿನಗೆ ಲಿಂಬಿಹಣ್ಣು ಹಿಂಡಿಸಲೇ ಎಂದು ಕೇಳಿದ. ಮಧುವಿಗೆ ನಾಳೆ ಯಾವ ಪೇಪರು ಎಂದು ಕೇಳಿದ. ಬೇರೆ ಏನೂ ಕೇಳಲಿಲ್ಲ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಮರುದಿನ ಹತ್ತು ಗಂಟೆಗೆ ವರ್ಕ್‌ಶಾಪಿನಲ್ಲಿ ಕಲ್ಟಿವೇಟರ್ ರಿಪೇರಿಗೆ ಬಂದ ಮೂವರು ರೈತರಿದ್ದರು, ದುರ್ಗಪ್ಪನಿದ್ದ. ಸುಭಾಸ ಎಲ್ಲ ಮಶಿನ್ನು ಬಂದ್ ಮಾಡಿಸಿದ. ಶೀತಲ ಚಹಾದ ತಟ್ಟೆ ಹಿಡಿದು ಹಿಂಬಾಗಿಲ ಹೊಸ್ತಿಲಿಗೆ ಬಂದಾಗ ಅವನು ಮಾತಾಡುತ್ತಿದ್ದ. ಉದ್ದಕ್ಕೆ ಹೇಳಲಿಲ್ಲ. ಬೆಲ್ಟು ಮೇಲೆ ಬಿಟ್ಟವನು ತಾನು, ಕಾಕಾನ ಕಿವಿ ಕಡೆಯ ದಿನದವರೆಗೂ ಚಲೋ ಇದ್ದವು, ತನ್ನ ತಪ್ಪನ್ನು ಅವುಗಳ ಮೇಲೆ ಹಾಕಿದವನೂ ತಾನೇ. ರೈತರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಹಿರಿಯ, ಆಗಿದ್ದು ಆಗಿಹೋಯಿತು ಎನ್ನುವಂಥದ್ದೇನೋ ಗೊಣಗಿದ.

ದುರ್ಗಪ್ಪ ಕೈಗವಸು ತೆಗೆದು ಬೆಂಚಿನ ಮೇಲೆ ಒಂದರ ಮೇಲೊಂದು ಇಟ್ಟ. "ಕಾಕಾ ಇದ್ದಾಗ ಹೇಳಬೇಕಿತ್ತು ಅಣ್ಣಾರ," ಅಂದ. ಸುಭಾಸ ಹೌದು ಎಂದ.

ಶೀತಲ ಚಹಾ ಕೊಡುತ್ತ ಬಂದಳು. ರೈತರು ತೆಗೆದುಕೊಂಡರು. ಸುಭಾಸ ಅವಳ ಮುಖ ನೋಡದೆ ಕಪ್ಪು ಎತ್ತಿಕೊಂಡ. ಅವಳನ್ನು ಕಂಡಾಗಲೆಲ್ಲ ಏನಾದರೊಂದು ಚೇಷ್ಟೆಯ ಮಾತಾಡುತ್ತಿದ್ದ ದುರ್ಗಪ್ಪ, "ಇವತ್ತ ಒಲ್ಲೆ ವೈನಿ," ಎಂದು ಹೊರಗೆ ಹೋಗಿ ರಸ್ತೆಗೆ ಮುಖ ಮಾಡಿ ನಿಂತ.

ಈಗಲೂ ಹೇಳಬಹುದಿತ್ತು. ಐದೇ ಹೆಜ್ಜೆ, ಎರಡೇ ವಾಕ್ಯ. ಹೇಳಿದರೆ ಸುಭಾಸ ಈಗಷ್ಟೇ ನಾಲ್ಕು ಜನರ ಮುಂದೆ ಆಡಿದ್ದು ಸುಳ್ಳಾಗುತ್ತದೆ. ಅದು ಸುಳ್ಳಾದರೆ, ಹೆಂಡತಿಯನ್ನು ಉಳಿಸಲು ಒಂದು ಮಾತು, ಗಂಡನನ್ನು ಉಳಿಸಲು ಇನ್ನೊಂದು ಎಂದು ಜನ ಆಡಿಕೊಳ್ಳುತ್ತಾರೆ, ಆ ಮಾತಿನ ರಾಶಿಯಲ್ಲಿ ಕಾಕಾನ ಕಿವಿಗಳು ಮತ್ತೊಮ್ಮೆ ಕಳೆದುಹೋಗುತ್ತವೆ. ಇದು ಕಾರಣವೋ ನೆವವೋ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಗೊತ್ತಾಗಲಿಲ್ಲ.

ಮಶಿನ್ನುಗಳು ಒಂದೊಂದಾಗಿ ಶುರುವಾದವು. ಅವಳು ಒಳಗೆ ಬಂದು ತಟ್ಟೆಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ದುರ್ಗಪ್ಪ ಬೇಡವೆಂದ ಕಪ್ಪು ಹಾಗೇ ಉಳಿದಿತ್ತು. ಮೇಲೆ ಕೆನೆ ಕಟ್ಟುತ್ತಿತ್ತು. ಅದನ್ನು ಎತ್ತಿಕೊಂಡು, ಆರಿದ ಚಹಾವನ್ನು ನಿಂತೇ ಕುಡಿದಳು. ಯಾರಿಗೂ ಹೇಳುವುದಿಲ್ಲ. ಚನ್ನವ್ವನಿಗೆ ಇಲ್ಲ, ಮುಂದೆ ಮಧು ದೊಡ್ಡವಳಾದ ಮೇಲೂ ಇಲ್ಲ. ಎಲ್ಲ ಗೊತ್ತಿದ್ದೂ ಕೇಳದೆ ಉಳಿದ ಗಂಡನಿಗೂ ಇಲ್ಲ.